ಬಿಚ್ಚಿ ನೋಡಬೇಕಾದ ಕಿಡಿ



ಜಪಾನಿನ ಮಾಜ್ದಾ ಕಂಪನಿ 1967ರಲ್ಲಿ ರೋಟರಿ ಎಂಜಿನ್ನಿನ ಕಾರನ್ನು ಮಾರಾಟಕ್ಕೆ ತಂದಿತು. ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಅದರಲ್ಲಿಲ್ಲ. ತ್ರಿಕೋನಾಕಾರದ ರೋಟರ್ ಸುತ್ತುತ್ತದೆ. ಆಮೇಲೆ 2003ರಲ್ಲಿ ಬಂದ ಆರ್‌ಎಕ್ಸ್-8 ಕಾರಿನಲ್ಲಿ ಎರಡು ರೋಟರ್, ಒಂದೊಂದಕ್ಕೂ ಎರಡು ಸ್ಪಾರ್ಕ್ ಪ್ಲಗ್. ಸಾಧಾರಣ ಎಂಜಿನ್ನಿನ ಸಿಲಿಂಡರಿಗೆ ಶಾಫ್ಟಿನ ಎರಡು ಸುತ್ತಿಗೊಮ್ಮೆ ಕಿಡಿ ಸಾಕು. ಇಲ್ಲಿ ಪ್ರತಿ ಸುತ್ತಿಗೂ ಬೇಕು. ಪ್ಲಗ್ ಬೇಗ ಸವೆಯುವುದು ಸಹಜ.

ಸವೆದರೂ ಕಾರು ಓಡುತ್ತದೆ, ಅಪಾಯವಿರುವುದೇ ಅಲ್ಲಿ. ಉರಿಯದೆ ಉಳಿದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ, ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕೆಡಿಸುತ್ತದೆ. ಕುಂದು ಒಂದೆಡೆ, ಸುಡುವುದು ಇನ್ನೊಂದೆಡೆ. ಮನೆಯಲ್ಲೂ ಹೀಗೇ ಅಲ್ಲವೇ? ಪ್ರಾರ್ಥನೆ ಬಿಟ್ಟ ತಂದೆ ಕೆಲಸಕ್ಕೆ ಹೋಗುತ್ತಾನೆ, ಭಾನುವಾರ ಬಲಿಪೂಜೆಗೂ ಬರುತ್ತಾನೆ. ಅವನೊಳಗಿನ ಕಾವು ತಟ್ಟುವುದು ಹೆಂಡತಿ ಮಕ್ಕಳಿಗೆ.

ಆದ್ದರಿಂದ ಬಿಚ್ಚಿ ನೋಡಬೇಕು. ಎಂಜಿನ್ ತಣ್ಣಗಾದ ಮೇಲೆ ಒಂದೊಂದಾಗಿ ತೆಗೆದು, ಯಾವುದು ಎಲ್ಲಿಯದೆಂದು ಗುರುತಿಡಬೇಕು. ಮಸಿ ಕಟ್ಟಿದೆಯೇ? ಪಿಂಗಾಣಿ ಬಿರುಕು ಬಿಟ್ಟಿದೆಯೇ? ತುದಿ ಸವೆದು ಸಂದು ಅಗಲವಾಗಿದೆಯೇ? ಸವೆದ ಲೋಹ ಒರೆಸಿದರೆ ಮರಳಿ ಬರುವುದಿಲ್ಲ, ಹೊಸ ಪ್ಲಗ್ಗೇ ಬೇಕು. ಪಾಪನಿವೇದನೆಗೆ ಮುಂಚಿನ ಆತ್ಮಶೋಧನೆಯೂ ಹೀಗೆ ಬಿಡಿಬಿಡಿಯಾಗಿರಲಿ. "ನಾನು ಪಾಪಿ" ಎಂದು ಒಟ್ಟಾರೆ ಹೇಳುವುದು ಸುಲಭ. ಕೇಳುವ ಗುರುವಿಗೂ ಸುಲಭ!

ಹಾಕುವಾಗಲೂ ಅವಸರ ಬೇಡ. ಆರ್‌ಎಕ್ಸ್-8ರ ಮೇಲಿನ ಪ್ಲಗ್ಗೂ ಕೆಳಗಿನ ಪ್ಲಗ್ಗೂ ಬೇರೆ ಬೇರೆ ಬಗೆಯವು, ಅದಲು ಬದಲು ಮಾಡಬಾರದು. ರೋಟರ್ ಕೂರುವ ಕವಚ ಅಲ್ಯೂಮಿನಿಯಂ; ಒರಟಾಗಿ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ. ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ, ಸರಿಯಾಗಿ ಕೂತ ಮೇಲಷ್ಟೇ ಸ್ಪ್ಯಾನರ್ ಹಿಡಿಯಿರಿ.