ಅಭಾವದ ಬೆಲೆ

ಲಿಂಕನ್ ಹುಟ್ಟಿ ನೂರು ವರ್ಷ ತುಂಬಿದ 1909ರಲ್ಲಿ ಅಮೆರಿಕ ಅವನ ಮುಖವಿರುವ ಒಂದು ಸೆಂಟಿನ ನಾಣ್ಯ ಹೊರಡಿಸಿತು. ವಿನ್ಯಾಸ ಮಾಡಿದ ವಿಕ್ಟರ್ ಡೇವಿಡ್ ಬ್ರೆನ್ನರ್ ಹಿಂಬದಿಯ ತಳದಲ್ಲಿ, ಎರಡು ಗೋಧಿ ತೆನೆಗಳ ಕಾಂಡದ ನಡುವೆ, ತನ್ನ ಹೆಸರಿನ ವಿ.ಡಿ.ಬಿ. ಎಂಬ ಮೂರಕ್ಷರ ಕೂರಿಸಿದ್ದ. ಸರ್ಕಾರದ ದುಡ್ಡಿನ ಮೇಲೆ ಕಲಾವಿದನ ಹೆಸರು ಇಷ್ಟು ಎದ್ದು ಕಾಣಬೇಕೇ ಎಂದು ಗುಲ್ಲೆದ್ದಿತು. ಕೆಲವೇ ದಿನಗಳಲ್ಲಿ ಅಕ್ಷರಗಳನ್ನು ತೆಗೆದುಹಾಕಿದರು. ಅಷ್ಟರೊಳಗೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ ಅಂಥ 4,84,000 ನಾಣ್ಯಗಳನ್ನು ಮುದ್ರಿಸಿಯಾಗಿತ್ತು. ಇಸವಿಯ ಕೆಳಗೆ ಪುಟ್ಟ ‘ಎಸ್’, ಹಿಂಬದಿಯಲ್ಲಿ ಆ ಮೂರಕ್ಷರ, ಇವೆರಡೂ ಇದ್ದರೆ ಸವೆದ ನಾಣ್ಯಕ್ಕೂ ಇಂದು ನೂರಾರು ಡಾಲರ್ ಬೆಲೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಶಾತವಾಹನರ ಕಾಲದ ಮಹಾರಥಿಗಳ ಸೀಸದ ನಾಣ್ಯಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಯಸ್ಸು ಸಾವಿರದ ಎಂಟುನೂರು ವರ್ಷದ ಆಸುಪಾಸು. ಉಳಿದಿರುವ ಸಂಖ್ಯೆ ಆ ಸೆಂಟಿನ ಲೆಕ್ಕದ ಹತ್ತಿರಕ್ಕೂ ಬರದು. ಆದರೂ ಅವುಗಳ ಹೆಸರು ಬಲ್ಲ ಸಂಗ್ರಾಹಕರೇ ವಿರಳ. ಹಳೆಯದು, ಅಪರೂಪದ್ದು ಎಂಬ ಎರಡು ಕಾರಣದಿಂದಲೇ ನಾಣ್ಯಕ್ಕೆ ಬೇಡಿಕೆ ಬರುವುದಾಗಿದ್ದರೆ ಈ ಲೆಕ್ಕ ತಿರುಗಾಮುರುಗಾ ಆಗಿರಬೇಕಿತ್ತು.

ಸಂಗ್ರಾಹಕ ಬೆಲೆ ಕೊಡುವುದು ನಾಣ್ಯಕ್ಕಲ್ಲ, ಅದರ ಅಭಾವಕ್ಕೆ ಎಂದು ನನಗೆ ತೋರುತ್ತದೆ. ಇದು ಮಾತಿನ ಚಮತ್ಕಾರವಾಗಿ ಕೇಳಬಹುದು. ಆದರೆ ನಮ್ಮ ದಾರ್ಶನಿಕರು ಅಭಾವವನ್ನು ಗಟ್ಟಿ ಸಂಗತಿಯೆಂದೇ ಎಣಿಸಿದ್ದರು. ಕಣಾದನ ಆರು ಪದಾರ್ಥಗಳಿಗೆ ವೈಶೇಷಿಕರು ಮುಂದೆ ಏಳನೆಯದಾಗಿ ಅಭಾವವನ್ನು ಸೇರಿಸಿದರು. ಮಧ್ವಮತದ ಹತ್ತು ಪದಾರ್ಥಗಳಲ್ಲೂ ಅದಕ್ಕೆ ಸ್ಥಾನವಿದೆ. ‘ನೆಲದ ಮೇಲೆ ಗಡಿಗೆ ಇಲ್ಲ’ ಎಂಬ ಅರಿವು ಬರೀ ಶೂನ್ಯದ ಅರಿವಲ್ಲ ಎಂಬುದು ಅವರ ವಾದ. ಏನು ಇಲ್ಲವೋ ಅದು ಪ್ರತಿಯೋಗಿ, ಎಲ್ಲಿ ಇಲ್ಲವೋ ಅದು ಅನುಯೋಗಿ. ಎರಡೂ ಗೊತ್ತಿರದೆ ಅಭಾವದ ಜ್ಞಾನ ಹುಟ್ಟದು. ಲಿಂಕನ್ ಸೆಂಟಿನ ಭಾಗ್ಯ ತೆರೆದದ್ದು ಈ ಎರಡೂ ಮನೆಮನೆಗೆ ತಲುಪಿದಾಗ. 1930ರ ದಶಕದಲ್ಲಿ ವಿಸ್ಕಾನ್ಸಿನ್‌ನ ವಿಟ್‌ಮನ್ ಪ್ರಕಾಶನ ಸಾಲುಸಾಲು ದುಂಡು ತೂತುಗಳಿರುವ ಅಗ್ಗದ ರಟ್ಟಿನ ಹಲಗೆಗಳನ್ನು ಮಾರಿತು. ಪ್ರತಿ ತೂತಿನ ಕೆಳಗೆ ಇಸವಿ, ಟಂಕಸಾಲೆಯ ಗುರುತು. ಅಂಗಡಿಯ ಚಿಲ್ಲರೆಯಲ್ಲಿ ಸಿಕ್ಕ ಸೆಂಟುಗಳನ್ನೇ ಒತ್ತಿ ಒತ್ತಿ ತುಂಬಿಸುತ್ತ ಹೋದವರಿಗೆ ಕೊನೆಗೆ ಒಂದು ತೂತು ಬಾಯಿ ತೆರೆದುಕೊಂಡೇ ಉಳಿಯುತ್ತಿತ್ತು, ‘1909-ಎಸ್ ವಿ.ಡಿ.ಬಿ.’ ಎಂಬ ಹೆಸರು ಹೊತ್ತು. ಪ್ರತಿಯೋಗಿಯ ಹೆಸರು, ಅನುಯೋಗಿಯ ಜಾಗ, ಎರಡನ್ನೂ ಆ ರಟ್ಟು ಅಚ್ಚು ಹಾಕಿ ಕೊಟ್ಟಿತ್ತು. ಚಂದ್ರವಳ್ಳಿಯ ನಾಣ್ಯಕ್ಕೆ ಅಂಥ ಹಲಗೆ ಯಾರೂ ಮಾಡಲಿಲ್ಲ. ಯಾರ ಮನೆಯಲ್ಲೂ ಅದು ‘ಇಲ್ಲ’ವಾಗಿಲ್ಲ.

ಈ ವಾದವನ್ನು ಪರೀಕ್ಷಿಸಲು ಚರಿತ್ರೆಯೇ ಒಂದು ಪ್ರಯೋಗ ನಡೆಸಿಕೊಟ್ಟಿದೆ. ನ್ಯೂ ಆರ್ಲಿಯನ್ಸ್ ಟಂಕಸಾಲೆ 1903ರಲ್ಲಿ 44,50,000 ಮಾರ್ಗನ್ ಬೆಳ್ಳಿ ಡಾಲರ್‌ಗಳನ್ನು ಮುದ್ರಿಸಿತ್ತು. 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿ ಬೆಳ್ಳಿ ಡಾಲರ್‌ಗಳು ಕುಲುಮೆಗೆ ಹೋದವು. ಅವುಗಳ ಜೊತೆ ಇವೂ ಕರಗಿರಬೇಕೆಂದು ಎಲ್ಲರೂ ನಂಬಿದರು. ಶಾಸ್ತ್ರದ ಮಾತಿನಲ್ಲಿ ಇದು ಪ್ರಧ್ವಂಸಾಭಾವ, ಇದ್ದದ್ದು ನಾಶವಾಗಿ ಉಂಟಾದ ಇಲ್ಲದಿರುವಿಕೆ. 1962ರ ಹೊತ್ತಿಗೆ ಕೈಬದಲಾಗದ ಒಂದು 1903ರ ನ್ಯೂ ಆರ್ಲಿಯನ್ಸ್ ಡಾಲರಿಗೆ ಬೆಲೆಪಟ್ಟಿಯಲ್ಲಿ 1,500 ಡಾಲರ್. ಆ ವರ್ಷದ ಕೊನೆಗೆ ಖಜಾನೆಯ ನೆಲಮಾಳಿಗೆಯಿಂದ ಚೀಲಗಟ್ಟಲೆ ಅದೇ ನಾಣ್ಯ ಹೊರಬಂತು. ಬೆಲೆ ಕೆಲವು ಹತ್ತು ಡಾಲರಿಗೆ ಕುಸಿಯಿತು. ಬೆಳ್ಳಿ ಒಂದು ಗುಂಜಿಯೂ ಕಡಿಮೆಯಾಗಿರಲಿಲ್ಲ, ಮುಖದ ಚೆಲುವು ಮಾಸಿರಲಿಲ್ಲ, ವಯಸ್ಸು ಇಳಿದಿರಲಿಲ್ಲ. ಕಳೆದುಹೋದದ್ದು ಅಭಾವವೊಂದೇ.

ಇಲ್ಲಿಯೇ ಆಕ್ಷೇಪವೂ ಏಳುತ್ತದೆ. ಆ ಡಾಲರ್‌ಗಳು ನಿಜಕ್ಕೂ ಕರಗಿರಲಿಲ್ಲವಲ್ಲ. ಇರದ ಅಭಾವಕ್ಕೆ ಜನ 1,500 ಕೊಟ್ಟದ್ದು ಹೇಗೆ? ಪ್ರಾಭಾಕರ ಮೀಮಾಂಸಕರು ಈ ಆಕ್ಷೇಪಕ್ಕೆ ಸಂತೋಷದಿಂದ ಬೆಂಬಲ ಕೊಡುತ್ತಿದ್ದರು. ಅವರ ಪ್ರಕಾರ ಗಡಿಗೆಯ ಅಭಾವವೆಂಬುದು ಬೇರೆ ವಸ್ತುವೇ ಅಲ್ಲ, ಬರೀ ನೆಲ ಅಷ್ಟೇ. ಹಾಗಾದರೆ ಹಲಗೆಯ ತೂತೂ ಬರೀ ತೂತು, ಉಳಿದದ್ದೆಲ್ಲ ಕೊಳ್ಳುವವನ ಕಲ್ಪನೆ. ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು: ಪೇಟೆಯನ್ನು ನಡೆಸುವುದು ಅಭಾವದ ಜ್ಞಾನ, ಆ ಜ್ಞಾನ ತಪ್ಪೂ ಆಗಿರಬಹುದು. ಆದರೆ ಭ್ರಮೆಯಿಂದಲೂ ಮನುಷ್ಯ ಕೆಲಸಕ್ಕೆ ಇಳಿಯುತ್ತಾನೆ ಎಂಬುದನ್ನು ನೈಯಾಯಿಕರು ಅಲ್ಲಗಳೆದವರಲ್ಲ. ಮರೀಚಿಕೆಯ ಕಡೆಗೂ ಬಾಯಾರಿದವನು ಓಡುತ್ತಾನೆ, ನೀರು ಮಾತ್ರ ಸಿಗದು. ಚೀಲಗಳು ಬಿಚ್ಚಿದ ಕೂಡಲೇ ಬೆಲೆ ಬಿದ್ದದ್ದು ಅಂಥ ವಿಫಲ ಪ್ರವೃತ್ತಿಯೇ. ಎಲ್ಲವೂ ಕಲ್ಪನೆಯಾಗಿದ್ದರೆ ಸುದ್ದಿ ಬಂದ ಮೇಲೂ ಕಲ್ಪನೆ ಮುಂದುವರಿಯಲು ಅಡ್ಡಿ ಏನಿತ್ತು? ಸಂಗ್ರಾಹಕರೂ ಇದನ್ನು ಬಲ್ಲರು. ಅದಕ್ಕೇ ಹೊಸ ನಿಧಿ ಸಿಕ್ಕಿತೆಂದರೆ ಪ್ರಾಕ್ತನ ಇಲಾಖೆಯವರು ಹಿಗ್ಗುವ ಹೊತ್ತಿನಲ್ಲಿ ಇವರ ಎದೆ ಢವಗುಟ್ಟುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದು ನಮ್ಮ ನೆಲದ್ದು. ಕೃಷ್ಣದೇವರಾಯನ ಬಾಲಕೃಷ್ಣ ವರಹ ವಿಜಯನಗರದ ನಾಣ್ಯಗಳಲ್ಲಿ ಬಲು ಜನಪ್ರಿಯ, ಆದರೆ ದುರ್ಲಭವೇನಲ್ಲ. ಹರಾಜುಗಳಲ್ಲಿ ಆಗಾಗ ಬರುತ್ತದೆ. ಮೂರೂವರೆ ಗ್ರಾಮಿಗೆ ಕೊಂಚ ಕಡಿಮೆ ತೂಕ, ಬೆರಳುಗುರಿನಷ್ಟು ಅಗಲ. ಮುಂಬದಿಯಲ್ಲಿ ಒಂದು ಮಂಡಿ ಎತ್ತಿ ಕುಳಿತ ಮಗು ಕೃಷ್ಣ, ಕೈಯಲ್ಲಿ ಬೆಣ್ಣೆಮುದ್ದೆ, ಅಕ್ಕಪಕ್ಕ ಶಂಖ ಚಕ್ರ. ಹಿಂಬದಿಯಲ್ಲಿ ನಾಗರಿಯ ಮೂರು ಸಾಲು, ‘ಶ್ರೀ ಪ್ರತಾಪ ಕೃಷ್ಣರಾಯ’. ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನ ವಿಗ್ರಹವನ್ನು ರಾಯ 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದ. ನಾಣ್ಯದ ಮೇಲಿರುವುದು ಆ ದೇವರೇ ಎನ್ನುತ್ತಾರೆ. ಇಲ್ಲಿ ಬೇಡಿಕೆ ಬರುವುದು ಅಭಾವದಿಂದಲ್ಲ, ಚಿನ್ನ, ಚೆಲುವು, ಭಕ್ತಿ ಇವುಗಳ ಸಾನ್ನಿಧ್ಯದಿಂದ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಅಕ್ಕಸಾಲಿಗನ ಹತ್ತಿರ ಹೋಗಿ ಅದೇ ತೂಕದ ಚಿನ್ನದಲ್ಲಿ ಅದೇ ಬಾಲಕೃಷ್ಣನನ್ನು ಇನ್ನಷ್ಟು ಚೊಕ್ಕಟವಾಗಿ ಒತ್ತಿಸಬಹುದು. ಪೂಜೆಗೆ ಅದು ಏನೇನೂ ಕಡಿಮೆಯಲ್ಲ. ಆವಾಹನೆ ಮಾಡಿದ ಭಕ್ತನಿಗೆ ದೇವರು ಅಲ್ಲೂ ಇದ್ದಾನೆ. ಸಂಗ್ರಾಹಕ ಮಾತ್ರ ಚಿನ್ನದ ದರಕ್ಕಿಂತ ಒಂದು ಕಾಸೂ ಹೆಚ್ಚು ಕೊಡಲಾರ. ಚಿನ್ನ ಇದೆ, ಚೆಲುವಿದೆ, ದೇವರೂ ಇದ್ದಾನೆ. 1565ರಲ್ಲಿ ಹಾಳಾದ ಪಟ್ಟಣದ ಜೊತೆಗಿನ ನಂಟು ಅದಕ್ಕಿಲ್ಲ. ವರಹದ ವಿಷಯದಲ್ಲಿ ಪ್ರತಿಯೋಗಿ ನಾಣ್ಯವಲ್ಲ, ರಾಜ್ಯ. ಆ ರಾಜ್ಯವನ್ನು ಕನ್ನಡಿಗರು, ತೆಲುಗರು ಇಬ್ಬರೂ ತಮ್ಮದೆನ್ನುವುದರಿಂದ ಅದರ ಅಭಾವವನ್ನು ಅನುಭವಿಸುವವರ ಸಂಖ್ಯೆಯೂ ದೊಡ್ಡದು. ಇದು ವಾದವನ್ನು ಎಳೆದು ಹಿಗ್ಗಿಸಿದಂತೆ ಕಂಡರೆ, ಅಕ್ಕಸಾಲಿಗನ ತುಣುಕಿಗೆ ಬೆಲೆ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಭಕ್ತಿ ಮತ್ತು ಅಭಾವ ಕೆಟ್ಟದಾಗಿ ಬೆರೆಯುವುದೂ ಉಂಟು. ರಾಮ ಅಥವಾ ಹನುಮನ ಚಿತ್ರ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1616 ಅಥವಾ 1818ರ ಇಸವಿ ಇರುವ ತುಣುಕುಗಳನ್ನು ಅಕ್ಕಿ ಸೆಳೆಯುವ ‘ರೈಸ್ ಪುಲ್ಲರ್’ ಎಂದು ಮಾರಿ ಮೋಸ ಮಾಡುವ ದಂಧೆ ನಮ್ಮಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಕಂಪನಿ ಅಂಥ ನಾಣ್ಯವನ್ನು ಯಾವತ್ತೂ ಹೊರಡಿಸಿರಲಿಲ್ಲ. ಇದು ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲದ್ದು. ಲಿಂಕನ್ ಸೆಂಟಿನ ತೂತು ತುಂಬುವ ಯೋಗ್ಯತೆ ಉಳ್ಳದ್ದು, ಇದಕ್ಕೆ ತುಂಬುವ ವಸ್ತುವೇ ಇಲ್ಲ. ಹಾಗಾಗಿ ಬೆಲೆಗೂ ಮಿತಿಯಿಲ್ಲ, ಕೋಟಿಗಳ ಮಾತೇ.

ಜೈನರ ಉಮಾಸ್ವಾತಿ ಪರಿಗ್ರಹವನ್ನು ವಸ್ತುವಿನಲ್ಲಿ ನೋಡದೆ ಅದರ ಮೇಲಿನ ಮೋಹದಲ್ಲಿ ನೋಡಿದ. ಆ ಅಳತೆಯಲ್ಲಿ ಸಂಗ್ರಾಹಕ ವಿಚಿತ್ರ ಪರಿಗ್ರಹಿ: ಅವನ ಮೋಹ ಕಪಾಟಿನಲ್ಲಿರುವ ಸಾವಿರ ನಾಣ್ಯಗಳ ಮೇಲಿಲ್ಲ, ಇನ್ನೂ ಸಿಗದ ಒಂದರ ಮೇಲೆ. ಇರುವುದನ್ನೆಲ್ಲ ದಾನ ಮಾಡಿದರೂ ಆ ಒಂದು ಅವನನ್ನು ಬಿಡದು. ಹಾಗಾದರೆ ಎಲ್ಲ ತೂತುಗಳೂ ತುಂಬಿದರೆ? ಬಾಲ್ಟಿಮೋರಿನ ಬ್ಯಾಂಕರ್ ಲೂಯಿ ಎಲಿಯಾಸ್‌ಬರ್ಗ್ 1950ರಲ್ಲಿ ಆ ಕೆಲಸ ಮಾಡಿ ತೋರಿಸಿದರು. 1873ರ ಕಾರ್ಸನ್ ಸಿಟಿ ಟಂಕಸಾಲೆಯ, ಜಗತ್ತಿಗೇ ಒಂದೇ ಉಳಿದಿದ್ದ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, ಸಿಕ್ಕಿದ ಮೇಲೆ, ಆವರೆಗೆ ತಿಳಿದಿದ್ದ ಅಮೆರಿಕದ ನಾಣ್ಯಗಳಲ್ಲಿ ಇಸವಿ ಮತ್ತು ಟಂಕಸಾಲೆಯ ಲೆಕ್ಕದಲ್ಲಿ ಅವರ ಬಳಿ ಇಲ್ಲದ್ದು ಯಾವುದೂ ಉಳಿಯಲಿಲ್ಲ. 1976ರಲ್ಲಿ ಅವರು ತೀರಿಕೊಂಡರು. 1982ರಲ್ಲಿ ಚಿನ್ನದ ನಾಣ್ಯಗಳು, 1996 ಮತ್ತು 1997ರಲ್ಲಿ ಉಳಿದವು ಹರಾಜಾದವು. ಅಪೂರ್ವವಾದ ಆ ಪೂರ್ಣತೆಯನ್ನು ಇಡಿಯಾಗಿ ಕೊಂಡವರಿಲ್ಲ. ಒಂದೊಂದೇ ನಾಣ್ಯಕ್ಕೆ ಕೂಗು ಎದ್ದಿತು, ತಂತಮ್ಮ ಖಾಲಿ ತೂತನ್ನು ನೆನೆಸಿಕೊಂಡು ಬಂದವರು ಕೈಯೆತ್ತಿದರು.