ಗೃಹಿಣಿಯ ವ್ರತವೂ ಮನೆಯ ಕೃತಜ್ಞತೆಯೂ



ಆತ್ಮಕ್ಕೆ ಅಂಟಿದ ಕರ್ಮವು ತಪಸ್ಸಿನಿಂದ ನಿರ್ಜರೆಯಾಗುವುದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಉಪದೇಶಿಸಿದ್ದಾರೆ. ತಪಸ್ಸೆಂದೊಡನೆ ಶ್ರಾವಕರ ಮನೆಗಳಲ್ಲಿ ಮೊದಲು ನೆನಪಾಗುವುದು ಉಪವಾಸ. ಅಷ್ಟಮಿ ಚತುರ್ದಶಿಗಳ ಉಪವಾಸ, ಅಷ್ಟಾಹ್ನಿಕದ ವ್ರತ, ದಶಲಕ್ಷಣ ಪರ್ವದ ಏಕಭುಕ್ತ ಇವೆಲ್ಲವನ್ನೂ ತಲೆಮಾರುಗಳಿಂದ ಕೈಬಿಡದೆ ನಡೆಸಿಕೊಂಡು ಬಂದವರಲ್ಲಿ ಮನೆಯ ತಾಯಂದಿರೇ ಮುಂದು. ತಾನು ಉಪವಾಸವಿದ್ದು ಉಳಿದವರಿಗೆ ರೊಟ್ಟಿ ಬಡಿಯುವವಳು ತಾಯಿ. ಆಕೆಯ ವ್ರತದ ಕಷ್ಟವೂ ಸೂಕ್ಷ್ಮವೂ ಇರುವುದು ಅಲ್ಲಿಯೇ. ಅದನ್ನು ಒಂದು ದೃಷ್ಟಾಂತದಿಂದ ತಿಳಿಯುವುದು ಲೇಸು.

ಲಕ್ಷ್ಮೇಶ್ವರದ ಬದಿಯ ಅಡರಕಟ್ಟಿಯಂತಹ ಊರಿನ ಒಬ್ಬ ಗೃಹಿಣಿಯನ್ನು ಕಣ್ಣೆದುರಿಗೆ ತಂದುಕೊಳ್ಳಿರಿ. ಗಂಡನು ಒಕ್ಕಲುತನದವನು. ಮಕ್ಕಳಿಬ್ಬರು ಬಸ್ಸು ಹತ್ತಿ ಲಕ್ಷ್ಮೇಶ್ವರದ ಶಾಲೆಗೆ ಹೋಗಿಬರುತ್ತಾರೆ. ಆಕೆಯದು ಹೊಸಿಲಿನ ಒಳಗಿನ ದುಡಿಮೆ. ಪ್ರತಿವರ್ಷ ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ಏಕಭುಕ್ತದಲ್ಲಿದ್ದು, ದಿನವೂ ಲಕ್ಷ್ಮೇಶ್ವರದ ಶಂಖ ಬಸದಿಗೆ ಹೋಗಿ, ಸಹಸ್ರಕೂಟದ ಜಿನಬಿಂಬಗಳಿಗೆ ವಂದಿಸಿ ಬರುವುದು ಆಕೆಯ ರೂಢಿ. ಈ ಸಲ ಹತ್ತೂ ದಿನ ಉಪವಾಸವನ್ನೇ ಮಾಡಬೇಕೆಂಬ ಬಯಕೆ ಹುಟ್ಟಿತು. ಆದರೆ ಪರ್ವಕ್ಕೆ ಮೊದಲೇ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಹೊಲದಲ್ಲಿ ಹೆಸರು ಬಿಡಿಸುವ ಕಾಲವಾದುದರಿಂದ ಗಂಡನಿಗೆ ಬಿಡುವಿರಲಿಲ್ಲ. ಬಸದಿಗೆ ಹೋಗುವುದು ತಪ್ಪಿತು. ಹೋಗುವುದು ತಪ್ಪಿದ್ದಕ್ಕೆ ಉಪವಾಸವನ್ನಾದರೂ ಬಿಡಬಾರದೆಂದು ಆಕೆ ಹಟ ಹಿಡಿದಳು. ಒಂದೊಂದು ದಿನದ ಸಂಕಲ್ಪವನ್ನು ಆಯಾ ಬೆಳಿಗ್ಗೆ ಮಾಡಿಕೊಂಡಳು.

ಎರಡು ದಿನ ಕಳೆದವು. ಮೂರನೆಯ ದಿನ ಅತ್ತೆಯನ್ನು ಎಬ್ಬಿಸಿ ಕೂಡಿಸುವಾಗ ಕಣ್ಣು ಕತ್ತಲೆಗೂಡಿತು. ಕೈಯಲ್ಲಿದ್ದ ಗಂಜಿ ಹಾಸಿಗೆಯ ಮೇಲೆ ಚೆಲ್ಲಿತು. "ಇಪ್ಪತ್ತು ವರ್ಷ ಈ ಮನೆಗೆ ದುಡಿದೆ. ಉಪವಾಸ ಇದ್ದೀ ಏನು ಎಂದು ಕೇಳುವವರು ಒಬ್ಬರೂ ಇಲ್ಲ!" ಎಂದು ಮುದುಕಿಯ ಮೇಲೆ ರೇಗಿದಳು. ಅತ್ತೆ ಒಂದು ಗಳಿಗೆ ಸುಮ್ಮನಿದ್ದು, "ಬೆಳಿಗ್ಗೆಯಿಂದ ನೋಡಾಕತ್ತೀನಿ, ನಿನ್ನ ತುಟಿ ಒಣಗ್ಯಾವ. ನನಗೇನೂ ಅವಸರ ಇಲ್ಲವಾ, ನೀ ಒಂದಿಷ್ಟು ಕೂಡು" ಎಂದಳು.

ಅಂದು ಉತ್ತಮ ಆರ್ಜವದ ದಿನ. ಆರ್ಜವವೆಂದರೆ ಮನಸ್ಸಿನ ನೇರತನ. ಒಳಗಿರುವುದನ್ನು ಇದ್ದಂತೆ ಕಾಣುವುದು. ಚೆಲ್ಲಿದ ಗಂಜಿಯನ್ನು ಒರೆಸುತ್ತ ಆಕೆ ತನ್ನ ಮನಸ್ಸನ್ನು ನೇರವಾಗಿ ನೋಡಿಕೊಂಡಳು. ಯಾರೂ ಕೇಳಲಿಲ್ಲವೆಂದು ತಾನು ಕೊರಗಿದ್ದಳು. ಬೆಳಗಿನಿಂದ ತನ್ನ ತುಟಿಯನ್ನು ನೋಡುತ್ತಿದ್ದವಳು ಅಲ್ಲಿಯೇ ಮಲಗಿದ್ದಳು. ಹೊಸದಾಗಿ ಮನೆ ಸೇರಿದಾಗ ನೀರು ಸೋಸುವ ಕ್ರಮ, ಕಾಳು ಆರಿಸುವ ಕ್ರಮ, ಹೊತ್ತು ಮುಳುಗುವ ಮುನ್ನ ಒಲೆ ಆರಿಸುವ ನಿಯಮ ಇವೆಲ್ಲವನ್ನೂ ಕಲಿಸಿದವಳು ಈ ಅತ್ತೆಯೇ. ಎರಡು ಬಾಣಂತನಗಳಲ್ಲಿ ನೀರು ಕಾಸಿ ಎರೆದವಳೂ ಇವಳೇ. ಆಗ ಅತ್ತೆಗೆ ತಾನು ಒಂದು ಮಾತನ್ನಾದರೂ ಹೇಳಿದ್ದಳೇ? ಬರಬೇಕಾದ ಕೃತಜ್ಞತೆಯ ಲೆಕ್ಕ ಬಾಯಲ್ಲಿತ್ತು. ಕೊಡಬೇಕಾದ ಲೆಕ್ಕ ಮರೆತುಹೋಗಿತ್ತು.

ಶಲ್ಯರಹಿತನಾದವನೇ ವ್ರತಿಯೆಂದು ಸೂತ್ರಕಾರರ ನಿರ್ಣಯ. ಮಾಯಾ, ಮಿಥ್ಯಾತ್ವ, ನಿದಾನ ಇವೇ ಮೂರು ಶಲ್ಯಗಳು. ಶಲ್ಯವೆಂದರೆ ಮುಳ್ಳು. ಕಾಲಲ್ಲಿ ಮುರಿದು ಉಳಿದ ಮುಳ್ಳು ನಡಿಗೆಯನ್ನೇ ಕೆಡಿಸುವಂತೆ, ಮನಸ್ಸಿನಲ್ಲಿ ಉಳಿದ ಶಲ್ಯವು ವ್ರತವನ್ನು ಕೆಡಿಸುತ್ತದೆ. ನಿದಾನವೆಂದರೆ ವ್ರತಕ್ಕೆ ಪ್ರತಿಯಾಗಿ ಭೋಗಫಲವನ್ನು ಬಯಸುವುದು. ಮಗನು ಪರೀಕ್ಷೆಯಲ್ಲಿ ಪಾಸಾಗಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲಿ ಎಂದು ಹಿಡಿದ ಉಪವಾಸದಲ್ಲಿ ಈ ಮುಳ್ಳು ಎದ್ದು ಕಾಣುತ್ತದೆ. ಮನೆಯವರು ನನ್ನನ್ನು ಹೊಗಳಲಿ ಎಂಬ ಬಯಕೆಯಾದರೋ ಅದರ ಸೋದರಿ. ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಸಿವನ್ನು ಗೆದ್ದ ಎಷ್ಟೋ ಜನರು ಈ ಬಯಕೆಗೆ ಸೋತಿದ್ದಾರೆ.

ಹಾಗಾದರೆ ಆಕೆ ಉಪವಾಸವನ್ನು ಬಿಡಬೇಕಿತ್ತೇ? ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಲಾಗಿದೆ. ಅದೇ ಸಾಲಿನಲ್ಲಿ ವೈಯಾವೃತ್ತ್ಯವೂ ಇದೆ. ಹನ್ನೆರಡು ತಪಸ್ಸುಗಳಲ್ಲಿ ಅನಶನವು ಆರು ಬಾಹ್ಯ ತಪಗಳಲ್ಲಿ ಒಂದು. ಸೇವಾರೂಪವಾದ ವೈಯಾವೃತ್ತ್ಯವು ಆರು ಅಂತರಂಗ ತಪಗಳಲ್ಲಿ ಒಂದು. ಶಾಸ್ತ್ರದಲ್ಲಿ ಇದು ಮುಖ್ಯವಾಗಿ ಮುನಿಸಂಘವನ್ನು ಉದ್ದೇಶಿಸಿದ್ದು, ಸೇವೆಗೆ ಪಾತ್ರರಾದವರಲ್ಲಿ ರೋಗಿಯಾದ ಮುನಿಯೂ ಸೇರಿದ್ದಾನೆ. ರೋಗಿಯಾದ ಸಾಧರ್ಮಿಯನ್ನು ತನ್ನ ಮನೆಯಲ್ಲಿಯೇ ಅಲಕ್ಷಿಸಿದವರು ಮುನಿಸೇವೆಯನ್ನು ಎಲ್ಲಿ ಕಲಿತಾರು? ಹೀಗೆಂದು ಅಡಿಗೆಮನೆಯ ದುಡಿಮೆಯೇ ತಪಸ್ಸು, ಉಪವಾಸ ಬೇಡವೆಂದು ಯಾರೂ ತಿಳಿಯಬಾರದು; ಅದು ಪ್ರಮಾದಕ್ಕೆ ದಾರಿ. ಮಾಡಿದ ಸಂಕಲ್ಪವನ್ನು ಮುರಿಯಲೂ ಬಾರದು, ಶಕ್ತಿಯನ್ನು ಅಳೆಯದೆ ಸಂಕಲ್ಪ ಮಾಡಲೂ ಬಾರದು. ಆ ಗೃಹಿಣಿ ಅಂದಿನ ಉಪವಾಸವನ್ನು ಪೂರ್ಣಗೊಳಿಸಿ, ನಾಲ್ಕನೆಯ ದಿನದಿಂದ ಏಕಭುಕ್ತವನ್ನು ಸ್ವೀಕರಿಸಿದಳು. ಅತ್ತೆಗೆ ಉಣ್ಣಿಸಿದ ನಂತರ ಅವಳ ಹಾಸಿಗೆಯ ಬಳಿ ಕುಳಿತು ಸ್ವಾಧ್ಯಾಯ ಮಾಡಿದಳು. ವ್ರತದ ಹೊರರೂಪ ಕಿರಿದಾಯಿತು, ಮುಳ್ಳು ಹೊರಬಂದಿತು.

ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುವುದೇ ಜೀವದ್ರವ್ಯದ ಉಪಕಾರವೆಂದು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯ ಸಾರುತ್ತದೆ. ಒಂದು ರೊಟ್ಟಿಯನ್ನು ನೋಡಿರಿ. ಉತ್ತವನು, ಎತ್ತು, ಮಳೆ, ಬೀಸಿದವರು, ಬಡಿದವಳು ಇವರೆಲ್ಲರ ಉಪಕಾರ ಅದರಲ್ಲಿದೆ. ಅದನ್ನು ಅರಿತು ಉಂಡರೆ ಊಟ ಕೃತಜ್ಞತೆಯಾಗುತ್ತದೆ. ಅರಿತು ಬಿಟ್ಟರೆ ಉಪವಾಸ ಕೃತಜ್ಞತೆಯಾಗುತ್ತದೆ.

ಕೃತಜ್ಞತೆ ಮಾತಿನಲ್ಲಿ ಮುಗಿಯದೆ ಕೃತಿಯಾಗಬೇಕೆಂಬುದಕ್ಕೆ ಗದಗ ಸೀಮೆಯಲ್ಲಿಯೇ ಮಹೋನ್ನತ ನಿದರ್ಶನವಿದೆ. ದಾನಚಿಂತಾಮಣಿ ಅತ್ತಿಮಬ್ಬೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ತಮ್ಮ ಗುರು ಜಿನಚಂದ್ರರ ಸ್ಮರಣೆಗಾಗಿ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಸಿದರು. ಪತಿ ನಾಗದೇವನನ್ನು ಕಳೆದುಕೊಂಡ ಮೇಲೆ ತಂಗಿ ಗುಂಡಮಬ್ಬೆ ಸಹಗಮನ ಮಾಡಿದರೂ, ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿಯೂ ಧರ್ಮಕ್ಕಾಗಿಯೂ ಬದುಕನ್ನು ಆರಿಸಿಕೊಂಡಳು. ತಂದೆಯ ಮನೆಯಿಂದ ಬಂದ ಆ ಪುರಾಣ ನಶಿಸಬಾರದೆಂದು 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಸಿದಳು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯ ಶಾಸನ 1007ರದು. ಅಷ್ಟು ಸಂಪತ್ತು ಎಲ್ಲ ತಾಯಂದಿರಿಗೂ ಇರುವುದಿಲ್ಲ. ಆದರೆ ಹಿರಿಯರಿಂದ ಪಡೆದುದನ್ನು ಮುಂದಿನವರ ಕೈಗೆ ಮುಟ್ಟಿಸುವ ಕೆಲಸ ಪ್ರತಿ ಮನೆಯಲ್ಲಿಯೂ ಇದೆ. ಅತ್ತೆ ಕಲಿಸಿದಂತೆ ನೀರು ಸೋಸುವುದನ್ನು ಮಗಳಿಗೆ ಕಲಿಸಿದರೆ ಅದೂ ಒಂದು ಪ್ರತಿಯೇ.

ಇನ್ನು ಮನೆಯ ಉಳಿದವರ ವಿಷಯ. ಹೊಗಳಿಕೆಯನ್ನು ಬಯಸಬಾರದೆಂಬುದು ವ್ರತಿಗೆ ಹೇಳಿದ ಮಾತು. ಗಂಡನೂ ಮಕ್ಕಳೂ ಕಣ್ಣು ಮುಚ್ಚಿಕೊಂಡಿರಲು ಕೊಟ್ಟ ಅಪ್ಪಣೆಯಲ್ಲ. ಬೀಸುಕಲ್ಲು, ಒನಕೆ, ಒಲೆ, ನೀರಿನ ಕೊಡ, ಕಸಬರಿಗೆ ಇವು ಐದೂ ಮನೆಯಲ್ಲಿ ತಪ್ಪದ ಹಿಂಸೆಯ ಸ್ಥಾನಗಳು. ಈ ಗೃಹಕರ್ಮದಿಂದ ಕೂಡಿದ ಪಾಪವನ್ನು ಮನೆ ತೊರೆದ ಅತಿಥಿಗಳಿಗೆ ಭಕ್ತಿಯಿಂದ ನೀಡಿದ ಆಹಾರದಾನವು ತೊಳೆಯುವುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಆ ಐದೂ ಸ್ಥಾನಗಳಲ್ಲಿ ಎಲ್ಲರ ಪರವಾಗಿ ನಿಂತು ದುಡಿಯುವವಳು ಗೃಹಿಣಿ. ಉಂಡವರೆಲ್ಲರೂ ಆ ಕರ್ಮದಲ್ಲಿ ಪಾಲುಗಾರರು. ಆದ್ದರಿಂದ ಆಕೆಯ ಉಪವಾಸದ ದಿನ ಅಡಿಗೆಯ ಭಾರವನ್ನು ಉಳಿದವರು ಹೊರಲಿ. ಪಾರಣೆಯ ದಿನ ಮಕ್ಕಳು ಬೇಗ ಎದ್ದು ನೀರು ಸೋಸಿಡಲಿ. ಮಗನಾದವನು ತಾಯಿಗೆ ಬಡಿಸಿ, ಆಕೆ ಉಂಡ ಮೇಲೆ ತಾನು ಉಣ್ಣಲಿ.

ಪರ್ವ ಮುಗಿದ ನಂತರ ಬರುವುದು ಕ್ಷಮಾವಣಿಯ ದಿನ. ಬಸದಿಯಲ್ಲಿ ನೂರು ಜನರೊಡನೆ ಕ್ಷಮೆ ಕೇಳುವುದು ಸುಲಭ. ಒಂದೇ ಸೂರಿನ ಕೆಳಗೆ ಇರುವವರೊಡನೆ ಕೇಳುವುದು ಕಠಿಣ. ಆ ಬೆಳಿಗ್ಗೆ ಅಡರಕಟ್ಟಿಯ ಆ ಸೊಸೆ ಅತ್ತೆಯ ಪಾದ ಮುಟ್ಟಿ ಕ್ಷಮೆ ಬೇಡಿದಳು. ಅತ್ತೆ ಆಕೆಯ ಕೈ ಹಿಡಿದು, "ನನ್ನದೂ ತಪ್ಪು ಇದ್ದರ ಹೊಟ್ಟ್ಯಾಗ ಹಾಕ್ಕೊಳ್ಳವಾ" ಎಂದಳು. ಬಾಗಿಲಲ್ಲಿ ನಿಂತ ಮಕ್ಕಳು ಅದನ್ನು ನೋಡಿದರು. ಆ ವರ್ಷದ ಪರ್ವ ಆ ಮನೆಯಲ್ಲಿ ಸಫಲವಾಯಿತು.

ಪ್ರತಿಯೊಂದು ಶ್ರಾವಕರ ಮನೆಯ ವ್ರತವೂ ಹೀಗೆ ಶಲ್ಯರಹಿತವಾಗಲಿ. ಸರ್ವರಿಗೂ ಮಂಗಳವಾಗಲಿ.