ಊರು ಬಿಟ್ಟ ಸಿಂಹ

ಪ್ರೀತಿಯನ್ನು ಕರಾರುಪತ್ರದ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲು ಬರುತ್ತದೆಯೆ? ಸಾಲವನ್ನು ವರ್ಗಾಯಿಸಬಹುದು, ಮನೆಯನ್ನು ಬರೆದುಕೊಡಬಹುದು, ಹೆಸರನ್ನು ಕೂಡ ಮಾರಬಹುದು. ಆದರೆ ಆ ಹೆಸರನ್ನು ನಂಬಿ ಮೂರು ತಲೆಮಾರು ಬದುಕಿದವರ ಮಮತೆಯೂ ಕಾಗದದ ಹಿಂದೆಯೇ ನಡೆದು ಹೋಗುತ್ತದೆಯೆ ಎಂಬುದು ಬೇರೆ ಮಾತು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಫಿಟ್ಜ್‌ರಾಯ್ ಎಂಬ ಬಡಾವಣೆಯ ಜನ ಈ ಪ್ರಶ್ನೆಯನ್ನು ನಿಜವಾಗಿಯೂ ಎದುರಿಸಬೇಕಾಯಿತು.

ಅಲ್ಲಿಯವರ ಫುಟ್‌ಬಾಲ್ ನಾವು ಬಲ್ಲ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು, ಬಯಲು ಕ್ರಿಕೆಟ್ಟಿನದು, ಒಂದೊಂದು ಪಕ್ಷಕ್ಕೆ 18 ಮಂದಿ, ಒದೆಯುವಷ್ಟೇ ಕೈಯಲ್ಲಿ ಹಿಡಿಯುವುದೂ ಉಂಟು. 1883ರಲ್ಲಿ ಫಿಟ್ಜ್‌ರಾಯ್ ಈ ಆಟಕ್ಕಾಗಿ ಒಂದು ಕ್ಲಬ್ಬನ್ನು ಕಟ್ಟಿತು. ಬೂಟಿನ ಕಾರ್ಖಾನೆಗಳು, ಮ್ಯಾಕ್‌ರಾಬರ್ಟ್‌ಸನ್ನರ ಮಿಠಾಯಿ ಕಾರ್ಖಾನೆ, ಗಾಳಿಬೆಳಕಿಲ್ಲದ ಓಣಿಗಳು: ಇಂಥ ಬಡವರ ಕೇರಿಯ ತಂಡ 1898ರಿಂದ 1944ರ ವರೆಗೆ 8 ಸಲ ಪ್ರಶಸ್ತಿ ಗೆದ್ದಿತು. 1916ರಲ್ಲಂತೂ ಯುದ್ಧದ ದೆಸೆಯಿಂದ ಆಡಿದ್ದೇ ನಾಲ್ಕು ತಂಡ; ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತಿದ್ದ ಫಿಟ್ಜ್‌ರಾಯ್ ಅಂತಿಮ ಪಂದ್ಯಗಳಲ್ಲಿ ಗೆದ್ದು ಪ್ರಶಸ್ತಿಯನ್ನೂ ಪಡೆಯಿತು! ಬೇರೊಂದು ಕ್ಲಬ್ಬಿನಲ್ಲಿ ಮೈಬಣ್ಣದ ಕಾರಣಕ್ಕೆ ತಳ್ಳಿಸಿಕೊಂಡಿದ್ದ ಆದಿವಾಸಿ ಆಟಗಾರ ಡಗ್ ನಿಕೋಲ್ಸ್ 1932ರಲ್ಲಿ ಇಲ್ಲಿ ಆಡತೊಡಗಿದರು. 1976ರಲ್ಲಿ ಅವರೇ ದಕ್ಷಿಣ ಆಸ್ಟ್ರೇಲಿಯದ ರಾಜ್ಯಪಾಲರಾದರು. ಇಂಥ ನೆನಪುಗಳಿರುವ ಕ್ಲಬ್ಬನ್ನು ಬರಿಯ ಆಟದ ಸಂಘವೆನ್ನಲು ಮನಸ್ಸು ಬಾರದು.

1966ರಲ್ಲಿ ಅದು ತನ್ನ ಬ್ರನ್ಸ್‌ವಿಕ್ ಸ್ಟ್ರೀಟ್ ಮೈದಾನವನ್ನು ಬಿಟ್ಟಿತು. ಮುಂದಿನ ಮೂವತ್ತು ವರ್ಷ ಬಾಡಿಗೆ ಮನೆಯವರ ಬಾಳು. ಒಂದಾದ ಮೇಲೊಂದು ಪರರ ಮೈದಾನ. ಕೊನೆಗೆ ನೌರು ಎಂಬ ಪುಟ್ಟ ದ್ವೀಪರಾಷ್ಟ್ರದ ವಿಮಾ ಸಂಸ್ಥೆಯ ಸಾಲ ಕುತ್ತಿಗೆಗೆ ಬಂದು, 1996ರಲ್ಲಿ ಆಡಳಿತಾಧಿಕಾರಿ ಬಂದು ಕುಳಿತ. ಸಾವಿರದೈನೂರು ಕಿಲೋಮೀಟರಿಗೂ ಆಚೆಯ ಬ್ರಿಸ್ಬೇನ್ ತಂಡದೊಡನೆ ವಿಲೀನವಾಯಿತು. ಮೆಲ್ಬರ್ನಿನಲ್ಲಿ ಆಡಿದ ಕಡೆಯ ಪಂದ್ಯದಲ್ಲಿ 151 ಅಂಕಗಳ ಸೋಲು. ಮುಂದಿನ ವಾರ, ಸೆಪ್ಟೆಂಬರ್ 1ರಂದು, ಪರ್ತ್ ನಗರದಲ್ಲಿ 86 ಅಂಕಗಳ ಸೋಲು. ಅಲ್ಲಿಗೆ ಮುಗಿಯಿತು. ಸಿಂಹದ ಲಾಂಛನವೂ ಕ್ಲಬ್ಬಿನ ಹಾಡಿನ ಮಟ್ಟೂ ಬ್ರಿಸ್ಬೇನಿಗೆ ಹೋದವು.

'ಆ ದೇವದತ್ತನೇ ಈತ' ಎಂಬ ಉದಾಹರಣೆಯನ್ನು ವೇದಾಂತಿಗಳು ಕೊಡುತ್ತಾರೆ. ಅಂದಿನ ಊರನ್ನೂ ಕಾಲವನ್ನೂ ಕಳೆದು, ಇಂದಿನ ಊರನ್ನೂ ಕಾಲವನ್ನೂ ಕಳೆದರೆ ದೇವದತ್ತ ಉಳಿಯುತ್ತಾನೆ. ಆದರೆ ಊರಿನ ಹೆಸರನ್ನೇ ಹೊತ್ತ ಕ್ಲಬ್ಬಿನಲ್ಲಿ ಊರನ್ನು ಕಳೆದರೆ ಉಳಿಯುವುದೇನು?

ಹಳೆಯ ಅಭಿಮಾನಿಗಳನ್ನು ಹಂಗಿಸುವುದು ಸುಲಭ. ಅವರಲ್ಲಿ ಬಹಳ ಮಂದಿ ಕ್ಲಬ್ಬಿಗಿಂತ ಮೊದಲೇ ಆ ಓಣಿಗಳನ್ನು ಬಿಟ್ಟು, ಅಂಗಳವಿರುವ ಹೊರವಲಯದ ಮನೆಗಳಿಗೆ ಹೋದವರು. ಹಳೆಯ ಕೊಳೆಗೇರಿಗಳ ಜಾಗದಲ್ಲಿ ಸರ್ಕಾರ 20 ಅಂತಸ್ತಿನ ವಸತಿಗಳನ್ನು ಎಬ್ಬಿಸಿತು. ಉಳಿದ ಹಳೆಯ ಮನೆಗಳನ್ನು ಇಂದು ಕೊಳ್ಳಬಲ್ಲವರು ಹಣವಂತರು. ಹಂಬಲವೆಂಬುದು ಮನೆಯ ಸೋರುವ ಮಾಡನ್ನು ಮರೆತು ಜಗುಲಿಯನ್ನು ಮಾತ್ರ ನೆನೆಯುವಂಥದು, ನಿಜ. ಹಾಗೆಂದು ಆ ದುಃಖ ಕಪಟವೆನ್ನಲಾರೆ. ಊರಿನ ಮನೆಗೆ ಹತ್ತು ವರ್ಷ ಕಾಲಿಡದವನೂ, ಅಣ್ಣ ಅದನ್ನು ಮಾರಿದ ದಿನ ಊಟ ಬಿಡುತ್ತಾನೆ. ತಾನು ಬಿಟ್ಟು ಬಂದದ್ದು ಬಿಟ್ಟಲ್ಲಿಯೇ ಇರಲಿ ಎಂಬ ಆಸೆ ಸ್ವಾರ್ಥವಿರಬಹುದು. ಆದರೆ ಮನುಷ್ಯನಿಗೆ ಸಹಜವಾದ ಸ್ವಾರ್ಥ ಅದು.

ಬ್ರಿಸ್ಬೇನ್ 2001, 2002, 2003ರಲ್ಲಿ ಸಾಲಾಗಿ ಪ್ರಶಸ್ತಿ ಗೆದ್ದಾಗ ಫಿಟ್ಜ್‌ರಾಯ್‌ನವರಲ್ಲಿ ಕೆಲವರು ಆನಂದಬಾಷ್ಪ ಸುರಿಸಿದರು. ಇನ್ನು ಕೆಲವರಿಗೆ ಅದು ಪರರ ಮನೆಯ ಮದುವೆ. ಯಾರು ನಿಷ್ಠರು? ಕಷ್ಟವನ್ನು ಇನ್ನಷ್ಟು ಬಿಗಿಮಾಡಲೆಂಬಂತೆ 2009ರಲ್ಲಿ ಫಿಟ್ಜ್‌ರಾಯ್ ಕ್ಲಬ್ಬು ಹವ್ಯಾಸಿಗಳ ಪಂದ್ಯಾವಳಿಯನ್ನು ಸೇರಿ, 1888ರಲ್ಲಿ ಕಟ್ಟಿದ ವೀಕ್ಷಕರ ಕಟ್ಟಡ ಇಂದಿಗೂ ನಿಂತಿರುವ ತನ್ನ ಹಳೆಯ ಮೈದಾನಕ್ಕೆ ಮರಳಿತು. ಈಗ ಸಿಂಹ ಒಂದು ಕಡೆ, ಊರು ಒಂದು ಕಡೆ, ಇಬ್ಬರು ದೇವದತ್ತರು!

ನನ್ನ ಒಲವು ಆ ಚಿಕ್ಕ ಕ್ಲಬ್ಬಿನ ಕಡೆಗೆ. ಅದೇ ಅಸಲು ಎಂದಲ್ಲ. ಅದಕ್ಕೆ ಅಭಿಮಾನಿಯ ಕೈಯಿಂದ ಏನಾದರೂ ಆಗಬೇಕಾಗಿದೆ ಎಂದು. ಹವ್ಯಾಸಿ ತಂಡದ ಗೆರೆ ಎಳೆಯಬೇಕು, ಅಂಗಿ ಒಗೆಯಬೇಕು, ಚಂದಾ ಎತ್ತಬೇಕು. ದೊಡ್ಡ ತಂಡಕ್ಕೆ ಬೇಕಾದದ್ದು ನೋಡುವ ಕಣ್ಣು ಮಾತ್ರ. ಆದರೂ ದೂರದ ಸಿಂಹವನ್ನು ಹಿಂಬಾಲಿಸಿದ ಮುದುಕರನ್ನು ದ್ರೋಹಿಗಳೆನ್ನುವ ಎದೆ ನನಗಿಲ್ಲ. ಮಗಳು ಪರಊರಿಗೆ ಹೋದಳೆಂದು ಕಾಗದ ಬರೆಯುವುದನ್ನು ನಿಲ್ಲಿಸುವವರುಂಟೆ?

2024ರ ಅಂತಿಮ ಪಂದ್ಯ ಮೆಲ್ಬರ್ನಿನಲ್ಲಿಯೇ ನಡೆಯಿತು. ಬ್ರಿಸ್ಬೇನ್ ಸಿಡ್ನಿಯನ್ನು ಸೋಲಿಸಿತು. ಆ ಸಿಡ್ನಿ ತಂಡವೂ 1982ರಲ್ಲಿ ಊರು ಬಿಡುವ ತನಕ ದಕ್ಷಿಣ ಮೆಲ್ಬರ್ನ್ ಬಡಾವಣೆಯ ಕ್ಲಬ್ಬಾಗಿತ್ತು. ಒಂದೇ ನಗರದ ಎರಡು ಕೇರಿಗಳು, ಪರಊರುಗಳ ಹೆಸರಿನಲ್ಲಿ, ತವರಿಗೆ ಬಂದು ಸೆಣಸಿದವು. ಗ್ಯಾಲರಿಯಲ್ಲಿ ಕುಳಿತಿದ್ದ ಹಿರಿಯರು ಯಾರ ಹೆಸರು ಹಿಡಿದು ಕೂಗಿದರೋ!